ಆಸರೆಯಿಲ್ಲದ ಓದು: ಕನ್ನಡ ಕಾದಂಬರಿಯ ಹಿಡಿಸದ ಪಾತ್ರಗಳು ಮತ್ತು ಓದುಗನ ನಿರಾಸೆ

ಗದ್ಯದಲ್ಲಿ ಹರಿಯುವ ದೀರ್ಘ ಕಥನಕ್ಕೆ ಕನ್ನಡದಲ್ಲಿ ನಿಂತ ‘ಕಾದಂಬರಿ’ ಎಂಬ ಹೆಸರು ಮೂಲತಃ ಒಬ್ಬ ನಾಯಿಕೆಯದು. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ಸಂಸ್ಕೃತ ಗದ್ಯದಲ್ಲಿ ಆರಂಭಿಸಿ ಮುಗಿಸದೆ ಹೋದ, ಅವನ ಮಗನು ಪೂರೈಸಿದ ಕಥೆಯ ಗಂಧರ್ವಕನ್ಯೆ ಅವಳು. ಒಂದನೆಯ ನಾಗವರ್ಮನು ಅದನ್ನು ಚಂಪುವಿನಲ್ಲಿ, ಅಂದರೆ ಪದ್ಯ ಗದ್ಯಗಳು ಬೆರೆತ ರೂಪದಲ್ಲಿ, ‘ಕರ್ಣಾಟಕ ಕಾದಂಬರಿ’ಯಾಗಿಸಿ ಕನ್ನಡಕ್ಕೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ನಾವೆಲ್ ಎಂಬ ಹೊಸ ಪ್ರಕಾರಕ್ಕೆ ಮರಾಠಿಗರು ಅದೇ ನಾಯಿಕೆಯ ಹೆಸರನ್ನು ಕೊಟ್ಟರು. ಕನ್ನಡವೂ ಆ ಹೆಸರನ್ನೇ ಒಪ್ಪಿಕೊಂಡಿತು. ಸಂಸ್ಕೃತದಲ್ಲಿ ಕಾದಂಬರಿ ಎಂದರೆ ಒಂದು ಬಗೆಯ ಮದ್ಯವೂ ಹೌದು. ಹೀಗೆ ಒಲಿಸುವ ಹೆಣ್ಣು ಮತ್ತು ಮತ್ತೇರಿಸುವ ಪಾನೀಯ ಎರಡನ್ನೂ ಹೆಸರಿನಲ್ಲಿಯೇ ಹೊತ್ತು ಬಂದ ಪ್ರಕಾರವು ಮುಂದೊಂದು ದಿನ ಒಲಿಸಲೂ ಒಪ್ಪದ, ಮತ್ತೇರಿಸಲೂ ಒಪ್ಪದ ಮನುಷ್ಯರನ್ನು ಓದುಗನ ಮುಂದೆ ತಂದು ಕೂರಿಸಿದಾಗ, ಮೋಸಹೋದ ಭಾವವು ಅವನಲ್ಲಿ ಹುಟ್ಟಿದ್ದು ಸಹಜವೇ.

‘ಕಾದಂಬರಿ ಓದಿದೆ, ಆದರೆ ಅದರಲ್ಲಿ ಒಬ್ಬರೂ ಹಿಡಿಸಲಿಲ್ಲ’ ಎಂಬುದು ಇಂದು ತೀರ ಸಾಧಾರಣವಾದ ಮಾತು. ವಿಮರ್ಶಕರು ಇದನ್ನು ಅಪಕ್ವ ಓದಿನ ಗುರುತೆಂದು ತಳ್ಳಿಹಾಕುವುದುಂಟು. ಮಾರಾಟಗಾರರು ಇದನ್ನೇ ಪುಸ್ತಕದ ಮೇಲಿನ ಕೊನೆಯ ತೀರ್ಪೆಂದು ನಂಬುವುದುಂಟು. ಎರಡೂ ಅವಸರದ ನಿಲುವುಗಳು. ಈ ದೂರಿಗೆ ಕನ್ನಡದಲ್ಲಿ ಒಂದು ಚರಿತ್ರೆಯಿದೆ, ಆ ಚರಿತ್ರೆಯನ್ನು ಹಿಂಬಾಲಿಸಿದರೆ ಕನ್ನಡದ ಓದುಗನು ಕೆಟ್ಟವರನ್ನು ಕಂಡು ಎಂದೂ ಬೆದರಿದವನಲ್ಲ ಎಂಬುದು ಮೊದಲು ಕಾಣುತ್ತದೆ. ಅವನು ಸಹಿಸದೆ ಹೋದದ್ದು ಕೆಟ್ಟವರ ನಡುವೆ ತನಗೆ ಕೂರಲು ಒಂದು ಜಗಲಿಯನ್ನೂ ಬಿಡದ ಪುಸ್ತಕವನ್ನು. ಆ ಜಗಲಿಯನ್ನು ಇಲ್ಲಿ ಆಸರೆ ಎಂದು ಕರೆಯಬಹುದು. ಕಥೆಯೊಳಗಿನ ಒಂದು ಪಾತ್ರವೋ, ಕಥೆ ಹೇಳುವ ದನಿಯೋ, ಪಕ್ಕದಲ್ಲಿ ಕುಳಿತು ಅರ್ಥ ಹೇಳುವ ಮನುಷ್ಯನೋ ಆ ಆಸರೆಯನ್ನು ಒದಗಿಸಬಲ್ಲರು.

ಹಳೆಯ ಕಾವ್ಯಶಾಸ್ತ್ರವು ಈ ವಿಷಯದಲ್ಲಿ ಸ್ಪಷ್ಟವಾಗಿತ್ತು. ನಾಯಕನು ಧೀರೋದಾತ್ತನಾಗಿರಬೇಕು, ಎಂದರೆ ಗಂಭೀರನೂ ಕ್ಷಮಾವಂತನೂ ದೃಢಸ್ವಭಾವದವನೂ ಆಗಿರಬೇಕು. ಅವನಿಗೆ ಎದುರಾಗಿ ನಿಲ್ಲುವ ದುಷ್ಟನು ಪ್ರತಿನಾಯಕನು. ಆದರೆ ಕವಿಗಳು ಈ ಗೆರೆಯನ್ನು ಬಹುಬೇಗ ಒರೆಸಿದರು. ಹತ್ತನೆಯ ಶತಮಾನದ ಕೊನೆಗೆ ರನ್ನನು ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮವಿಜಯ’ವನ್ನು ಬರೆದರೂ, ‘ಗದಾಯುದ್ಧ’ವೆಂಬ ಹೆಸರಿನಲ್ಲಿ ಆ ಕಾವ್ಯವನ್ನು ಓದಿಕೊಂಡು ಬಂದ ಕನ್ನಡಿಗರು ಕಣ್ಣೀರು ಹಾಕಿದ್ದು ರಣರಂಗದ ಹೆಣಗಳ ನಡುವೆ ಒಂಟಿಯಾಗಿ ನಡೆಯುವ ದುರ್ಯೋಧನನಿಗಾಗಿ. ಇನ್ನೂ ವಿಚಿತ್ರವಾದದ್ದು 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’. ಚೆಲುವನಾದ ಅರಸನನ್ನು ಬಿಟ್ಟು ರಾತ್ರಿಯ ಹಾಡಿಗೆ ಸೋತು ಕುರೂಪಿ ಮಾವುತನ ಬಳಿಗೆ ಹೋಗುವ, ಕೊನೆಗೆ ಗಂಡನಿಗೆ ವಿಷವಿಡುವ ಅಮೃತಮತಿಯನ್ನು ಮೆಚ್ಚಿಕೊಳ್ಳುವಂತೆ ಜನ್ನನು ಯಾರಿಗೂ ಹೇಳುವುದಿಲ್ಲ; ಜೈನಧರ್ಮದ ಕರ್ಮಸಿದ್ಧಾಂತದ ಚೌಕಟ್ಟಿನೊಳಗೆ ಅವಳನ್ನು ಕೂರಿಸಿ, ಓದುವವನ ಅಸಹ್ಯಕ್ಕೆ ಹಾಗೂ ಕುತೂಹಲಕ್ಕೆ ಒಟ್ಟಿಗೇ ಎಡೆಮಾಡಿಕೊಡುತ್ತಾನೆ.

ಇದರ ಜೊತೆಗೆ ಶಾಸ್ತ್ರಕಾರರು ಓದುಗನ ವಿಷಯವನ್ನೂ ಯೋಚಿಸಿದ್ದರು. ಕವಿಯೊಡನೆ ಒಂದೇ ಹೃದಯವುಳ್ಳವನು ಎಂಬರ್ಥದ ‘ಸಹೃದಯ’ ಎಂಬ ಪದವು ಮೇಲ್ನೋಟಕ್ಕೆ ನಿರಾಶನಾದ ಓದುಗನಿಗೆ ಜಾಗವನ್ನೇ ಬಿಡುವುದಿಲ್ಲ. ಆದರೆ ಹತ್ತನೆಯ ಶತಮಾನದ ಸುಮಾರಿಗೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ರಸವಿಘ್ನಗಳನ್ನು, ಎಂದರೆ ರಸಾನುಭವಕ್ಕೆ ಅಡ್ಡ ಬರುವ ತೊಡಕುಗಳನ್ನು, ಏಳಾಗಿ ಎಣಿಸುತ್ತಾನೆ. ಅವುಗಳಲ್ಲಿ ಒಂದು ಕೃತಿಯ ಸಂಗತಿಯು ನಂಬುವಂತಿಲ್ಲದಿರುವುದು. ಇನ್ನೊಂದು ಓದುಗನು ತನ್ನ ಸ್ವಂತ ಸುಖದುಃಖಗಳಲ್ಲಿಯೇ ಮುಳುಗಿರುವುದು. ತಪ್ಪನ್ನು ಪುಸ್ತಕದ ಮೇಲೆ ಹೊರಿಸಬೇಕೋ ಓದುವವನ ಮೇಲೆ ಹೊರಿಸಬೇಕೋ ಎಂಬ ಜಗಳವು ಸಾವಿರ ವರ್ಷಗಳಷ್ಟು ಹಳೆಯದು, ಮತ್ತು ಅಭಿನವಗುಪ್ತನು ಇಬ್ಬರಿಗೂ ಹಂಚಿ ಜಾಣತನ ಮೆರೆದನು ಎನ್ನಬೇಕು.

ಕಾವ್ಯವು ಜನರಿಗೆ ತಲುಪುತ್ತಿದ್ದ ಬಗೆಯನ್ನು ನೋಡಿದರೆ ನಿರಾಸೆಗೆ ಅಲ್ಲಿ ಏಕೆ ಆಸ್ಪದ ಕಡಿಮೆಯಿತ್ತೆಂಬುದು ತಿಳಿಯುತ್ತದೆ. ಕುಮಾರವ್ಯಾಸನ ಭಾರತವನ್ನಾಗಲಿ ಲಕ್ಷ್ಮೀಶನ ಜೈಮಿನಿಯನ್ನಾಗಲಿ ಊರಿನ ಜನ ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಮೊದಲಿನಿಂದ ಕೊನೆಯವರೆಗೆ ಓದುತ್ತಿರಲಿಲ್ಲ. ಗಮಕಿಯು, ಎಂದರೆ ಕಾವ್ಯವನ್ನು ರಾಗವಾಗಿ ವಾಚಿಸುವವನು, ಒಂದು ಪ್ರಸಂಗವನ್ನು ಆರಿಸಿ ಹಾಡಿದರೆ ವ್ಯಾಖ್ಯಾನಕಾರನು ಪದ್ಯಪದ್ಯಕ್ಕೂ ಅರ್ಥ ಹೇಳುತ್ತಿದ್ದನು. ಕೇಳುವವರ ಪರವಾಗಿ ಅವನೇ ದುರ್ಯೋಧನನನ್ನು ಬೈದು, ಅವನೇ ಮರುಗುತ್ತಿದ್ದನು. ಕರಾವಳಿಯ ತಾಳಮದ್ದಲೆಯಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನ ಪದ್ಯಕ್ಕೆ ಅರ್ಥಧಾರಿಗಳು ಆಶುವಾಗಿ ಮಾತು ಕಟ್ಟುತ್ತಾರೆ, ಮತ್ತು ಕೌರವನ ಅರ್ಥ ಹೇಳಲು ಕುಳಿತವನು ಕೌರವನನ್ನು ಗೆಲ್ಲಿಸದಿದ್ದರೂ ಅವನ ವಾದವನ್ನು ಗೆಲ್ಲಿಸಲು ರಾತ್ರಿಯಿಡೀ ದುಡಿಯುತ್ತಾನೆ. ಹಿಡಿಸದ ಪಾತ್ರವು ಅಲ್ಲಿ ಚರ್ಚೆಗೆ ಒದಗುವ ಸರಕು. ಅದರ ಭಾರವನ್ನು ಸಭೆಯೇ ಹಂಚಿಕೊಳ್ಳುತ್ತಿದ್ದುದರಿಂದ ಯಾರೊಬ್ಬರೂ ಅದರೊಡನೆ ಒಂಟಿಯಾಗಿ ಉಳಿಯಬೇಕಾಗಿರಲಿಲ್ಲ.

ಅಚ್ಚಿನ ಕಾದಂಬರಿಯು ಓದುಗನನ್ನು ಹೀಗೆ ಒಂಟಿಯಾಗಿಸಿತು. ಒಂಟಿಯಾದವನಿಗೆ ಒಂದು ಊರುಗೋಲು ಬೇಕೆಂಬುದನ್ನು ಮೊದಮೊದಲ ಬರಹಗಾರರು ಚೆನ್ನಾಗಿಯೇ ಅರಿತಿದ್ದರು. ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’, ‘ಆನಂದಮಠ’ಗಳನ್ನು ಕನ್ನಡಿಸಿದ ಬಿ. ವೆಂಕಟಾಚಾರ್ಯರು (1845–1914) ಮೈಸೂರು ಸೀಮೆಯ ಮನೆಗಳಿಗೆ ವೀರರನ್ನೂ ಸಾಧ್ವಿಯರನ್ನೂ ತಂದುಕೊಟ್ಟರು. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ‘ಸದ್ಧರ್ಮವಿಜಯ’ ಎಂಬ ಇನ್ನೊಂದು ಹೆಸರೇ ಇದೆ; ಗೆಲ್ಲುವವರು ಯಾರೆಂಬುದನ್ನು ಮುಖಪುಟದಲ್ಲಿಯೇ ತಿಳಿಸಿ ಓದುಗನನ್ನು ಒಳಗೆ ಕರೆದುಕೊಳ್ಳುವ ಕ್ರಮವಿದು. ಬಾಲವಿಧವೆಯಾದ ಇಂದಿರೆಯು ತಾಯಿತಂದೆಯರ ಮನೆಯನ್ನು ತೊರೆದು, ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿತು, ಭಾಸ್ಕರನನ್ನು ಮರುಮದುವೆಯಾಗುವ ಕಥೆಯಲ್ಲಿ ಇಂದಿರೆಯೂ ಭಾಸ್ಕರನೂ ಎಳ್ಳಷ್ಟೂ ದೋಷವಿಲ್ಲದವರು. ಆದರೆ ನೂರಿಪ್ಪತ್ತು ವರ್ಷಗಳ ಬಳಿಕ ಆ ಪುಸ್ತಕವನ್ನು ತೆರೆದವನ ಕಣ್ಣು ಹೋಗುವುದು ಲಂಚದ ಹಣದಲ್ಲಿ ಉಬ್ಬಿದ ಭೀಮರಾಯನ ಕಡೆಗೆ, ಅವನ ಹೆಂಡತಿ ಅಂಬಾಬಾಯಿಯ ಕಡೆಗೆ, ಭಕ್ತಿಯ ಸೋಗಿನಲ್ಲಿ ಮನೆ ಹೊಕ್ಕ ಕಪಟ ಸಂತರ ಕಡೆಗೆ. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು. ಕೆಟ್ಟವರ ಮಾತಿನ ವರಸೆಯು ಅವರ ಕಿವಿಯಲ್ಲಿತ್ತು. ಒಳ್ಳೆಯವರ ಮಾತನ್ನು ಅವರು ಆದರ್ಶದಿಂದ ಎರವಲು ತಂದಂತೆ ಕಾಣುತ್ತದೆ.

ಮುಂಬಯಿ ಕರ್ನಾಟಕದಲ್ಲಿ ಓದುಗರನ್ನು ಹುಟ್ಟಿಸಿದ ಕೀರ್ತಿ ಗಳಗನಾಥರದು (1869–1942). ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿ, ತಾವೂ ಐತಿಹಾಸಿಕ ಕಥೆಗಳನ್ನು ಬರೆದು, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬ ಮಾತು ಅವರ ಬಗ್ಗೆ ಇಂದಿಗೂ ಪ್ರಚಲಿತವಾಗಿದೆ. ಬರೆದವನೇ ಬಾಗಿಲಿಗೆ ಬಂದು ಪುಸ್ತಕ ಕೊಡುವಾಗ ಕೊಂಡವನ ಮುಖವನ್ನು ಮುಂದಿನ ವರ್ಷವೂ ನೋಡಬೇಕಾಗುತ್ತದೆ; ಆದ್ದರಿಂದ ಅವನ ಮನೆಯ ಹೆಣ್ಣುಮಕ್ಕಳೂ ಮುದುಕರೂ ಕೂಡಿ ಕೇಳಬಹುದಾದ ಕಥೆಯನ್ನೇ ಕೊಡಬೇಕಾಗುತ್ತದೆ. ವ್ಯಾಪಾರದ ಈ ಸಣ್ಣ ಸಂಗತಿಯು ಆ ಕಾಲದ ಪಾತ್ರಗಳ ಸ್ವಭಾವವನ್ನು ನಿರ್ಧರಿಸಿದಷ್ಟು ಯಾವ ಸಾಹಿತ್ಯತತ್ವವೂ ನಿರ್ಧರಿಸಲಿಲ್ಲ.

ನವೋದಯದವರ ಕೈಯಲ್ಲಿ ಕಾದಂಬರಿಯು ಬೆಳೆದು ನಿಂತಾಗ ಹಿಡಿಸದ ಮನುಷ್ಯನು ಮೊದಲ ಬಾರಿಗೆ ಮನೆಯ ನಡುಮನೆಗೆ ಬಂದನು. 1940ರ ದಶಕದ ಆರಂಭದಲ್ಲಿ ಬಂದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಲಚ್ಚನನ್ನು ನೆನೆಯಬೇಕು. ಕಡಲದಂಡೆಯಲ್ಲಿ ಪೌರೋಹಿತ್ಯ ಬೇಸಾಯಗಳನ್ನು ನಂಬಿ ಬದುಕಿದ ರಾಮ ಐತಾಳರು ಮಗನನ್ನು ಇಂಗ್ಲಿಷ್ ಓದಿಗೆ ಕಳಿಸುತ್ತಾರೆ. ಮಗ ಇಸ್ಪೀಟು, ಸಾಲ, ಸೂಳೆಗಾರಿಕೆಗಳನ್ನು ಕಲಿತು ಬಂದು, ಮನೆ ಹೊಲಗಳನ್ನು ಕಳೆದು, ಹೆಂಡತಿ ನಾಗವೇಣಿಗೆ ರೋಗವನ್ನು ಅಂಟಿಸುತ್ತಾನೆ. ಲಚ್ಚನಿಗೆ ಕಾರಂತರು ಎಲ್ಲಿಯೂ ಪಶ್ಚಾತ್ತಾಪದ ದೃಶ್ಯವನ್ನು ದಯಪಾಲಿಸುವುದಿಲ್ಲ, ಅವನನ್ನು ರಾಕ್ಷಸನನ್ನಾಗಿಯೂ ಮಾಡುವುದಿಲ್ಲ. ಹಾಗಿದ್ದೂ ಆ ಪುಸ್ತಕವನ್ನು ಯಾರೂ ಕಹಿಯೆಂದು ಕೆಳಗಿಟ್ಟದ್ದಿಲ್ಲ. ಪಾರೋತಿ, ಸರಸೋತಿ, ನಾಗವೇಣಿಯರು ಉಪ್ಪುನೀರಿನ ಆ ನೆಲದಲ್ಲಿ ಬೆಳಗಿನಿಂದ ಬೈಗಿನವರೆಗೆ ದುಡಿಯುವ ಪುಟಗಳು ಓದುಗನಿಗೆ ಆಸರೆಯಾಗಿ ನಿಂತವು. ಲಚ್ಚನ ಮೇಲಿನ ಸಿಟ್ಟು ಆ ಹೆಂಗಸರ ಮೇಲಿನ ಗೌರವವಾಗಿ ತಿರುಗಿತು.

ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ (1956) ಇದಕ್ಕಿಂತ ಕಷ್ಟದ ಕೆಲಸವನ್ನು ಕೈಗೆತ್ತಿಕೊಂಡರು. 1834ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿದ, ಕೊಡಗಿನ ಹಾಲೇರಿ ವಂಶದ ಕೊನೆಯ ಅರಸನು ಇಲ್ಲಿ ಕಥೆಯ ನಡುಗಂಬ. ಅವನು ಕುಡುಕ, ವಿಲಾಸಿ, ಸಂಶಯಗ್ರಸ್ತ, ತಂಗಿಯನ್ನು ಸೆರೆಯಲ್ಲಿಟ್ಟವನು. ಪ್ರತಿನಾಯಕನಾಗಲು ಬೇಕಾದ ಧೀರತೆಯೂ ಅವನಿಗಿಲ್ಲ. ಅವನ ಬೆನ್ನಿಗೆ ನಿಂತಿರುವವನು ಕುಂಟ ಬಸವ, ಇನ್ನೂ ಅಂಜಿಕೆ ಹುಟ್ಟಿಸುವ ಮನುಷ್ಯ. ರಾಣಿ ಗೌರಮ್ಮನ ಘನತೆಯೂ ಮಂತ್ರಿಗಳಾದ ಬೋಪಣ್ಣ, ಲಕ್ಷ್ಮೀನಾರಾಯಣಯ್ಯರ ಸಂಕಟವೂ ಆ ಕತ್ತಲೆಯಲ್ಲಿ ದೀಪಗಳು ಹೌದಾದರೂ, ಓದುಗನನ್ನು ಕೊನೆಯವರೆಗೆ ಕೈಹಿಡಿದು ನಡೆಸುವುದು ಮಾಸ್ತಿಯವರ ದನಿ. ಅರಸನ ದುಷ್ಕೃತ್ಯವೊಂದನ್ನು ಹೇಳುವಾಗಲೂ ಆ ದನಿ ಏರುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಊರಿನ ಹಿರಿಯನೊಬ್ಬನು ಕೆಟ್ಟುಹೋದ ಮನೆತನದ ಕಥೆಯನ್ನು ಹೇಳುವಂತೆ ನಿಧಾನವಾಗಿ, ಸ್ವಲ್ಪ ನೋವಿನಿಂದ ಮುಂದುವರಿಯುತ್ತದೆ. ಗಮಕದ ಸಭೆಯ ವ್ಯಾಖ್ಯಾನಕಾರನು ಪುಸ್ತಕದೊಳಗೆ ಬಂದು ಕುಳಿತಿದ್ದಾನೆ ಎಂದರೆ ತಪ್ಪಾಗಲಾರದು. 1983ರ ಜ್ಞಾನಪೀಠ ಪ್ರಶಸ್ತಿಯು ಮಾಸ್ತಿಯವರಿಗೆ ಬಂದಾಗ ಈ ಕೃತಿಯ ಹೆಸರೇ ಮುಂದೆ ನಿಂತಿತು. ಕನ್ನಡವು ಎತ್ತಿಹಿಡಿದ ಕಾದಂಬರಿಗಳಲ್ಲಿ ಇಷ್ಟು ಅಪ್ರಿಯನಾದ ಕಥಾಪುರುಷನು ಇನ್ನೊಬ್ಬನಿರಲಾರನು.

ಪ್ರಗತಿಶೀಲರ ಕಾಲದ ದೂರು ಬೇರೆಯ ಜಾತಿಯದು. ವೇಶ್ಯಾಜೀವನವನ್ನು ಕುರಿತು ಅ. ನ. ಕೃಷ್ಣರಾಯರು ಬರೆದ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪ ಬಂದಾಗ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಆದರೆ ಆ ಜಗಳದಲ್ಲಿ ಯಾರೂ ಪಾತ್ರಗಳು ಹಿಡಿಸಲಿಲ್ಲವೆಂದು ಹೇಳಿದಂತಿಲ್ಲ. ಹಿಡಿಸಿಯಾವು ಎಂಬ ಭಯವೇ ಆಕ್ಷೇಪಿಸಿದವರನ್ನು ಕಾಡಿತ್ತೆಂದು ತೋರುತ್ತದೆ.

ಈ ನಡುವೆ ಪುಸ್ತಕವು ಓದುಗನ ಕೈ ಸೇರುವ ದಾರಿಗಳು ಎರಡು ಕವಲಾಗಿ ಒಡೆದವು. ಒಂದು ಗ್ರಂಥಮಾಲೆ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು, ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದವರು, ಕಟ್ಟಿದ ಮನೋಹರ ಗ್ರಂಥಮಾಲೆಯು ಇವುಗಳಲ್ಲಿ ದೀರ್ಘಾಯುಷಿ. ಗ್ರಂಥಮಾಲೆಯ ಪದ್ಧತಿಯಲ್ಲಿ ಚಂದಾದಾರನು ವರ್ಷದ ಹಣವನ್ನು ಮುಂಗಡವಾಗಿ ಕಟ್ಟುತ್ತಾನೆ, ಪ್ರಕಾಶಕನು ತಾನು ಆರಿಸಿದ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುತ್ತಾನೆ. ಬಂಡವಾಳವಿಲ್ಲದ ಪ್ರಕಾಶಕನಿಗೆ ಇದು ಸಂಜೀವಿನಿ; ಓದುಗನಿಗೆ ಇದು ಹುಡುಗಿಯ ಮುಖವನ್ನು ನೋಡದೆ ನಿಶ್ಚಯಿಸಿದ ಮದುವೆಯಂತೆ. ಇನ್ನೊಂದು ಕವಲು ನಗರಗಳ ಬಾಡಿಗೆ ಪುಸ್ತಕಾಲಯ. ಒಂದಿಷ್ಟು ಠೇವಣಿಯಿಟ್ಟು, ಪುಸ್ತಕಕ್ಕೆ ದಿನಕ್ಕಿಷ್ಟೆಂದು ಚಿಲ್ಲರೆ ಕೊಟ್ಟು, ಹಳದಿ ರಟ್ಟು ಹಾಕಿ ಹೊಲಿದ ಕಾದಂಬರಿಯನ್ನು ಮನೆಗೆ ಒಯ್ಯುವ ಈ ಏರ್ಪಾಟಿನಲ್ಲಿ ಹಿಡಿಸದ ಪುಸ್ತಕವು ಮರುದಿನವೇ ವಾಪಸ್ಸಾಗುತ್ತದೆ. ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ, ತ. ರಾ. ಸುಬ್ಬರಾಯರ ಕಾದಂಬರಿಗಳು ಈ ಅಂಗಡಿಗಳ ಅನ್ನದ ತಟ್ಟೆಯಾಗಿದ್ದವು. ವಾರಪತ್ರಿಕೆಯ ಧಾರಾವಾಹಿಯೂ ಇದೇ ಗುಂಪಿಗೆ ಸೇರಿದ್ದು; ಮುಂದಿನ ವಾರಕ್ಕೆ ಓದುಗಿಯನ್ನು ಕಾಯಿಸಬೇಕಾದರೆ ಅವಳು ಯಾರಿಗಾಗಿ ಕಾಯುವಳೋ ಅಂತಹ ಒಂದು ಪಾತ್ರವಾದರೂ ಬೇಕು. ಬಾಡಿಗೆಯ ಓದುಗನ ನಿರಾಸೆಯು ಕೆಲವು ಪೈಸೆಗಳ ನಿರಾಸೆ, ಅದು ಸದ್ದಿಲ್ಲದೆ ಅಡಗಿಹೋಗುತ್ತಿತ್ತು. ಚಂದಾದಾರನ ನಿರಾಸೆ ಮನೆಯ ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ವರ್ಷಗಟ್ಟಲೆ ನಿಂತಿರುತ್ತಿತ್ತು.

ಹೀಗೆ ಮುಂಗಡ ಹಣ ಕಟ್ಟಿದವರ ಮನೆಗಳಿಗೇ 1960ರ ದಶಕದಲ್ಲಿ ನವ್ಯ ಕಾದಂಬರಿಯು ಬಂದಿಳಿಯಿತು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ ಸಲಹೆಯ ಬಲವಿದ್ದ ಮನೋಹರ ಗ್ರಂಥಮಾಲೆಯ ಮೂಲಕವೇ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಬೆಳಕು ಕಂಡವು. ಅವುಗಳ ಬೆನ್ನಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಸ್ವರೂಪ’ (1966), ಪಿ. ಲಂಕೇಶರ ‘ಬಿರುಕು’ (1967), ಗಿರಿಯವರ ‘ಗತಿಸ್ಥಿತಿ’ (1971) ಒಂದರ ಹಿಂದೊಂದು ಬಂದವು. ಇವುಗಳ ನಾಯಕರನ್ನು ಕೆಟ್ಟವರೆನ್ನಲು ಬರುವುದಿಲ್ಲ. ಅವರು ಕೊಲೆ ಮಾಡುವುದಿಲ್ಲ, ಲಂಚ ತಿನ್ನುವುದಿಲ್ಲ. ಆದರೆ ತಮ್ಮನ್ನೇ ನೋಡಿಕೊಳ್ಳುವುದರಲ್ಲಿ ಮಗ್ನರಾಗಿ ತಂದೆಯನ್ನು, ಪ್ರೇಯಸಿಯನ್ನು, ಊರನ್ನು ಅರೆಗಣ್ಣಿನಿಂದ ಕಾಣುತ್ತಾರೆ. ನಿರ್ಧಾರದ ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ಸರಿಯುತ್ತಾರೆ. ಸುತ್ತಲಿನ ಲೋಕದಲ್ಲಿದ್ದೂ ಅದಕ್ಕೆ ಸೇರದವನೆಂಬ ಈ ಭಾವವನ್ನು ವಿಮರ್ಶೆಯು ‘ಪರಕೀಯ ಪ್ರಜ್ಞೆ’ ಎಂದು ಕರೆಯಿತು. ಪಾತ್ರದ ಮನಸ್ಸಿನಲ್ಲಿ ಎದ್ದಂತೆ ಎದ್ದಂತೆ ಯೋಚನೆಗಳನ್ನು ಹರಿಯಬಿಡುವ ‘ಪ್ರಜ್ಞಾಪ್ರವಾಹ’ ತಂತ್ರವು ಇದಕ್ಕೆ ಜೊತೆಯಾದಾಗ ಮಾಸ್ತಿಯವರ ಹಿರಿಯ ದನಿ ಮಾಯವಾಗಿ, ಓದುಗನು ನಾಯಕನ ತಲೆಯೊಳಗೇ ಸೆರೆಯಾದನು. ಹಿಡಿಸದವನೊಬ್ಬನನ್ನು ದೂರದಿಂದ ನೋಡುವುದು ಬೇರೆ, ಅವನ ಕಣ್ಣಿನಿಂದಲೇ ಮುನ್ನೂರು ಪುಟ ಲೋಕವನ್ನು ನೋಡುವುದು ಬೇರೆ.

‘ಸಂಸ್ಕಾರ’ದ ಮೇಲೆ ಎದ್ದ ಗದ್ದಲದಲ್ಲಿ ಈ ಅಸಮಾಧಾನವು ಬೇರೊಂದರೊಡನೆ ಬೆರೆತುಹೋಯಿತು. ಹೆಣದ ಮುಂದೆ ಕುಳಿತು ಚಿನ್ನದ ಲೆಕ್ಕ ಹಾಕುವ ದೂರ್ವಾಸಪುರದ ಅಗ್ರಹಾರದವರ ಚಿತ್ರವು ಒಂದು ಸಮುದಾಯಕ್ಕೆ ಮಾಡಿದ ಅವಮಾನವೆಂಬ ಆಕ್ಷೇಪ ಬಂದಿತು. 1970ರ ಚಲನಚಿತ್ರವಂತೂ ಮೊದಲು ಸೆನ್ಸಾರಿನ ನಿಷೇಧವನ್ನು ಎದುರಿಸಿ, ಆಮೇಲೆ ರಾಷ್ಟ್ರಮಟ್ಟದ ಸ್ವರ್ಣಕಮಲವನ್ನು ಪಡೆಯಿತು. ಆದರೆ ಆ ಕಾದಂಬರಿಯಲ್ಲಿ ಚಂದ್ರಿ ಇದ್ದಳು. ತನ್ನ ಒಡವೆಗಳನ್ನು ಬಿಚ್ಚಿ ಇಟ್ಟು ಹೆಣಕ್ಕೆ ಸಂಸ್ಕಾರ ಬೇಡುವ ಅವಳ ಬಳಿ ಓದುಗನು ನಿಲ್ಲಬಹುದಾಗಿತ್ತು. ಅನಂತಮೂರ್ತಿಯವರದೇ ‘ಭಾರತೀಪುರ’ದಲ್ಲಿ (1973) ಆ ಸೌಕರ್ಯ ಬಹುಮಟ್ಟಿಗೆ ಇಲ್ಲ. ಇಂಗ್ಲೆಂಡಿನಿಂದ ಮರಳಿದ ಜಮೀನುದಾರ ಜಗನ್ನಾಥನು ದಲಿತರನ್ನು ಮಂಜುನಾಥನ ಗುಡಿಗೆ ಪ್ರವೇಶ ಮಾಡಿಸಲು ಹೊರಡುತ್ತಾನೆ; ಉದ್ದೇಶ ಉದಾತ್ತವಾದದ್ದು, ಆದರೆ ಆ ಉದ್ದೇಶವನ್ನು ಅವನು ತನ್ನ ಆತ್ಮಶೋಧನೆಯ ಕನ್ನಡಿಯಾಗಿ ಬಳಸುತ್ತಿದ್ದಾನೆಂಬ ಸಂಶಯವು ಪುಟಪುಟಕ್ಕೂ ಬೆಳೆಯುತ್ತದೆ. ಒಳ್ಳೆಯ ಕೆಲಸ ಮಾಡುವವನು ಹಿಡಿಸದೆ ಹೋಗುವುದು ಓದುಗನಿಗೆ ಎಲ್ಲಕ್ಕಿಂತ ಇರುಸುಮುರುಸಿನ ಅನುಭವ, ಏಕೆಂದರೆ ತನ್ನ ಅಪ್ರೀತಿಗೆ ಅವನು ಗೌರವದ ಕಾರಣವನ್ನು ಕೊಟ್ಟುಕೊಳ್ಳಲಾರನು.

ಆ ವರ್ಷಗಳಲ್ಲಿಯೇ ಎದುರು ಪ್ರಮಾಣವೂ ಸಿಗುತ್ತದೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಹಿಡಿಸದವರ ಸಂತೆ. ಬಾಯಿ ತೆರೆದರೆ ಬೈಗುಳ ಸುರಿಸುವ ಅತ್ತೆ ಗಂಗಮ್ಮ, ಉಣ್ಣುವುದೊಂದನ್ನು ಬಿಟ್ಟು ಬೇರೇನೂ ಅರಿಯದ ಗಂಡ ಚೆನ್ನಿಗರಾಯ, ಅಣ್ಣನಿಗಿಂತ ಅಷ್ಟಿಷ್ಟು ವಾಸಿಯಾದ ಮೈದುನ ಅಪ್ಪಣ್ಣಯ್ಯ. ಇವರ ಜೊತೆಗೆ ಬರಗಾಲ ಮತ್ತು ಪ್ಲೇಗು. ಇದರಲ್ಲಿ ಸಾಂತ್ವನಕ್ಕೆ ಎಡೆಯೇ ಇಲ್ಲ, ಮಕ್ಕಳು ಸಾಯುತ್ತಾರೆ, ಕೊನೆಗೆ ನಂಜಮ್ಮನೂ ಸಾಯುತ್ತಾಳೆ. ಆದರೂ ಈ ಕಾದಂಬರಿ ಮತ್ತೆ ಮತ್ತೆ ಅಚ್ಚಾಗುತ್ತ ಬಂದಿದೆ, ಕಿರುತೆರೆಯ ಧಾರಾವಾಹಿಯೂ ಆಗಿದೆ. ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರವನ್ನು ಎಳೆಯುವ ನಂಜಮ್ಮನೊಬ್ಬಳಿದ್ದಾಳೆ ಎಂಬುದಷ್ಟೇ ಇದಕ್ಕೆ ಕಾರಣವಾಗಿ ಕಾಣುತ್ತದೆ. ಗಂಗಮ್ಮನನ್ನು ದ್ವೇಷಿಸುವುದರಲ್ಲಿ ಓದುಗನಿಗೆ ಒಂದು ಸುಖವೂ ಇದೆ. ಅದು ನಂಜಮ್ಮನ ಪಕ್ಕದಲ್ಲಿ ನಿಂತು ದ್ವೇಷಿಸುವ ಸುಖ. ನವ್ಯರ ಪಕ್ಷಪಾತಿಗಳು ಇದನ್ನು ಭಾವುಕತೆಯೆಂದರು. ಆ ಮಾತಿನಲ್ಲಿ ನಿಜದ ಅಂಶವಿದ್ದರೂ, ಅದರಲ್ಲಿ ಒಂದು ಬಗೆಯ ಅಸೂಯೆಯೂ ಇರಲಿಲ್ಲವೆಂದು ಹೇಳುವುದು ಕಷ್ಟ.

ನವ್ಯ ಮಾರ್ಗದ ತುತ್ತತುದಿಯೆಂದರೆ ಯಶವಂತ ಚಿತ್ತಾಲರ ‘ಶಿಕಾರಿ’ (1979). ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಬಾಳ್ವೆ ಮಾಡಿದ ಚಿತ್ತಾಲರು ಕಂಪನಿಯೊಂದರ ಅಧಿಕಾರಿಯಾದ ನಾಗಪ್ಪನನ್ನು ಒಂದು ಬೆಳಗ್ಗೆ ಅಮಾನತಿನ ಸುದ್ದಿಯೊಡನೆ ಓದುಗನ ಮುಂದೆ ನಿಲ್ಲಿಸುತ್ತಾರೆ. ಅವನ ಬೆನ್ನ ಹಿಂದೆ ಪಿತೂರಿ ನಡೆದಿದೆ; ಆದರೆ ಪಿತೂರಿ ಎಲ್ಲಿಗೆ ಮುಗಿದು ಅವನ ಭಯ ಎಲ್ಲಿಂದ ಶುರುವಾಗುತ್ತದೆಂಬುದು ಸುಲಭವಾಗಿ ತಿಳಿಯದು. ಗೆಳೆಯರೆಂಬವರು ಬೇಟೆಗಾರರು, ಬೇಟೆಯಾದವನು ತನ್ನ ಶಂಕೆಯಿಂದ ಓದುಗನನ್ನೂ ದಣಿಸುವವನು. ಅರ್ಧಕ್ಕೆ ಕೈಬಿಟ್ಟವರು ಬಹಳ ಜನ ಇದ್ದಿರಬೇಕು, ಮತ್ತು ಅವರನ್ನು ದೂರುವ ಹಾಗಿಲ್ಲ: ಉಸಿರುಕಟ್ಟಿಸುವುದೇ ಆ ಪುಸ್ತಕದ ಕಸುಬು, ಅದು ತನ್ನ ಕಸುಬನ್ನು ಚೆನ್ನಾಗಿ ಮಾಡುತ್ತದೆ. ಕನ್ನಡದ ದೊಡ್ಡ ಕಾದಂಬರಿಗಳ ಯಾವ ಎಣಿಕೆಯಲ್ಲಿಯೂ ‘ಶಿಕಾರಿ’ ತಪ್ಪುವುದಿಲ್ಲವೆಂಬುದೂ, ಅದನ್ನು ಪ್ರೀತಿಯಿಂದ ಎರಡನೆಯ ಸಲ ಓದಿದವರು ವಿರಳವೆಂಬುದೂ ಒಟ್ಟಿಗೇ ನಿಜವಾಗಿರಬಹುದು. ನಿರಾಸೆ ಹುಟ್ಟಿಸಿದ ಪುಸ್ತಕವೆಲ್ಲ ಸೋತ ಪುಸ್ತಕವಲ್ಲ. ಸೋತವೂ ಇದ್ದವು, ಹತಾಶ ನಾಯಕನೊಬ್ಬನು ಸಿಗರೇಟು ಹಚ್ಚಿ ಬಾಡಿಗೆ ಕೋಣೆಯ ಸೂರು ನೋಡುತ್ತ ಕೂರುವ, ಅನುಕರಣೆಯ ಅನುಕರಣೆಯಾದ ಕೃತಿಗಳು ಆ ಎರಡು ದಶಕಗಳಲ್ಲಿ ಸಾಕಷ್ಟು ಬಂದು ಹೋದವು, ಅವುಗಳ ಹೆಸರನ್ನು ಈಗ ನೆನಪಿಸುವ ಅಗತ್ಯವಿಲ್ಲ.

ನವ್ಯರ ಬಳಗದ ಒಳಗಿನಿಂದಲೇ ಬಂಡಾಯವೂ ಬಂದಿತು. ‘ಸ್ವರೂಪ’ವನ್ನು ಬರೆದಿದ್ದ ತೇಜಸ್ವಿಯವರೇ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನದ ಮುನ್ನುಡಿಯಲ್ಲಿ ನವ್ಯದ ಹಾದಿ ಸವೆದುಹೋಗಿದೆಯೆಂದು ಸಾರಿ ಹೊಸ ದಿಗಂತದ ಕಡೆಗೆ ಹೊರಡುವ ಮಾತನ್ನಾಡಿದರು. ಮುಂದೆ ‘ಕರ್ವಾಲೊ’ (1980) ಬಂದಾಗ ನವ್ಯದ ಬಗ್ಗೆ ಬೇಸತ್ತಿದ್ದ ಓದುಗರು ಮರಳಿ ಬಂದು ನೆರೆದರು. ಜೇನು ಹಿಡಿಯುವ ಮಂದಣ್ಣನು ಆದರ್ಶಪುರುಷನೇನಲ್ಲ. ಪೆದ್ದನೂ ಹೌದು, ಹೇಳಿದ ಕೆಲಸಕ್ಕೆ ಬಾರದವನೂ ಹೌದು. ವ್ಯತ್ಯಾಸವಿರುವುದು ಅವನನ್ನು ನೋಡುವ ಕಣ್ಣಿನಲ್ಲಿ. ಆ ಕಣ್ಣು ಕುತೂಹಲದಿಂದ ಹೊರಗೆ, ಕಾಡಿನ ಕಡೆಗೆ, ಹಾರುವ ಓತಿಯ ಕಡೆಗೆ ತಿರುಗಿತ್ತು.

ಗ್ರಂಥಮಾಲೆ, ಬಾಡಿಗೆ ಪುಸ್ತಕಾಲಯಗಳ ಜೊತೆಗೆ ಈ ವೇಳೆಗೆ ಪುಸ್ತಕಕ್ಕೆ ಮೂರನೆಯ ದಾರಿಯೂ ತೆರೆದಿತ್ತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ತರುವಾಯ ಜಿಲ್ಲೆ ತಾಲ್ಲೂಕುಗಳಿಗೆ ಹರಡಿದ ಗ್ರಂಥಾಲಯಗಳು ಪುಸ್ತಕದ ವ್ಯವಹಾರದಿಂದ ಓದುಗನ ಹಣವನ್ನೇ ಬಹುಮಟ್ಟಿಗೆ ಹೊರಗಿಟ್ಟವು. ಸರಕಾರವು ಸಗಟಾಗಿ ಕೊಳ್ಳುವ ಕಾದಂಬರಿಗೆ ಓದುಗನ ಮೆಚ್ಚುಗೆ ಮಾರಾಟದ ಷರತ್ತಾಗಿ ಉಳಿಯಲಿಲ್ಲ; ಹಣ ಕೊಡದವನ ಸಿಟ್ಟಿಗೂ ಹೇಳಿಕೊಳ್ಳಲು ವಿಳಾಸ ಸಿಗಲಿಲ್ಲ. ಆ ಸಿಟ್ಟು ಪುಸ್ತಕದ ಮೈಮೇಲೆಯೇ ಇಳಿಯಿತು. ಗ್ರಂಥಾಲಯದ ಹಳೆಯ ಪ್ರತಿಗಳ ಕೊನೆಯ ಪುಟದಲ್ಲಿ, ತಾರೀಖು ಒತ್ತಿದ ಚೀಟಿಯ ಎದುರಿಗೆ, ಅನಾಮಧೇಯರು ಪೆನ್ಸಿಲಿನಲ್ಲಿ ಬರೆದಿಟ್ಟ ತೀರ್ಪುಗಳು ಸಿಗುತ್ತವೆ: ಸಮಯ ಹಾಳು, ನಾಯಕನಿಗೆ ಹುಚ್ಚು, ಮುಂದಿನವರು ಓದಬೇಡಿ ಎಂಬ ಧಾಟಿಯವು. ಅದರ ಕೆಳಗೆ ಇನ್ನೊಬ್ಬರು ಬೇರೆ ಶಾಯಿಯಲ್ಲಿ ಮೊದಲಿನವರನ್ನು ಬೈದಿರುತ್ತಾರೆ. ಇಲಾಖೆಯ ನಿಯಮದ ಪ್ರಕಾರ ಇದು ಅಪರಾಧ. ಆದರೆ ಒಂಟಿ ಓದುಗನು ಗಮಕದ ಸಭೆಯನ್ನು ಅಂಚಿನ ಬಿಳಿಜಾಗದಲ್ಲಿ ಮರಳಿ ಕೂಡಿಸಿಕೊಳ್ಳುವ ಯತ್ನವಾಗಿಯೂ ಇದನ್ನು ನೋಡಬಹುದು.

ಹೊಸ ಶತಮಾನದಲ್ಲಿ ಹಿಡಿಸದವರನ್ನು ಕುರಿತು ಬಂದ ಕನ್ನಡದ ಬರಹಗಳಲ್ಲಿ ಅತಿ ಹೆಚ್ಚು ದೂರ ಹೋದದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರದೇಶಗಳಲ್ಲಿಯೂ ಓದುಗರನ್ನು ಪಡೆಯಿತು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಇದ್ದಕ್ಕಿದ್ದಂತೆ ಹಣ ಕಂಡ ಬೆಂಗಳೂರಿನ ಕುಟುಂಬವೊಂದರ ಕಥೆಯಿದು. ದುಡಿಯುವವನನ್ನು ಕಾಯುವುದೇ ಉಳಿದವರ ಧರ್ಮ, ಹೆಸರಿಲ್ಲದ ನಿರೂಪಕನು ಏನನ್ನೂ ಮಾಡದೆ ಕಾಫಿ ಹೌಸಿನಲ್ಲಿ ಕುಳಿತು ವಿನ್ಸೆಂಟನೆಂಬ ಮಾಣಿಯ ಮಾತಿನಲ್ಲಿ ವೇದಾಂತವನ್ನು ಹುಡುಕುತ್ತಾನೆ. ಇಲ್ಲಿ ನಂಜಮ್ಮನಿಲ್ಲ, ಹೊರಗಿನಿಂದ ಬಂದ ಸೊಸೆ ಅನಿತಾ ಒಬ್ಬಳು ಆ ಜಾಗಕ್ಕೆ ಬರಬಹುದಿತ್ತು, ಅವಳನ್ನು ಕಥೆಯು ಓದುಗನ ಕೈಗೆ ಸಿಗದಷ್ಟು ದೂರದಲ್ಲಿಡುತ್ತದೆ. ಆಸರೆಯಿಲ್ಲದೆಯೂ ಅದನ್ನು ಓದಿಸಿದ್ದು ಗಾತ್ರದ ಮಿತವ್ಯಯ ಮತ್ತು ಮಾತಿನ ನಯ. ಚಿಕ್ಕಪ್ಪನಿಗೆಂದು ಅಡುಗೆಯ ಡಬ್ಬಿ ಹಿಡಿದು ಬಾಗಿಲಿಗೆ ಬಂದ ಹೆಂಗಸೊಬ್ಬಳನ್ನು ಮನೆಯ ಹೆಣ್ಣುಮಕ್ಕಳು ಬೈದು ಅಟ್ಟುವ ಹೊತ್ತಿಗೆ, ಅಷ್ಟು ಪುಟಗಳವರೆಗೆ ಆ ಮನೆಯವರ ಜಾಣ ಮಾತುಗಳಿಗೆ ನಗುತ್ತ ಬಂದ ಓದುಗನು ತಾನು ಬಾಗಿಲಿನ ಒಳಗಡೆ ನಿಂತಿರುವುದನ್ನು ಕಾಣುತ್ತಾನೆ.